ಡಬ್ಬಿಯಲ್ಲಿ ಕೂಡಿಟ್ಟ ಊರುಗಳು

ಕೊಚ್ಚಿಯ ಶ್ರೀ ಬಾಲಾಜಿ ಕಾಫಿ ಹೌಸ್ ಹೆಸರಿಗಷ್ಟೇ ದೊಡ್ಡದು. 1963ರಲ್ಲಿ ಶುರುವಾದ ಪುಟ್ಟ ಚಹಾದಂಗಡಿ ಅದು. ವಿಜಯನ್ ಮತ್ತು ಮೋಹನಾ ದಂಪತಿ ಆಳುಕಾಳು ಇಟ್ಟುಕೊಳ್ಳದೆ ತಾವೇ ನಡೆಸಿದರು. ಪ್ರವಾಸಕ್ಕೆಂದು ದಿನಕ್ಕೆ 300 ರೂಪಾಯಿ ಎತ್ತಿಡುತ್ತಿದ್ದರು. ಕಡಿಮೆ ಬಿದ್ದದ್ದಕ್ಕೆ ಬ್ಯಾಂಕಿನಲ್ಲಿ ಸಾಲ. ದೇಶ ಸುತ್ತಿ ಬಂದು ಎರಡು ಮೂರು ವರ್ಷ ಸಾಲ ತೀರಿಸುವುದು, ತೀರಿದ ಮೇಲೆ ಮತ್ತೆ ಹೊರಡುವುದು. 2007ರಿಂದ ಹೀಗೆ ಇಪ್ಪತ್ತೈದಕ್ಕೂ ಹೆಚ್ಚು ದೇಶ ನೋಡಿದರು. 2021ರ ಅಕ್ಟೋಬರಿನಲ್ಲಿ ರಷ್ಯಾಕ್ಕೆ ಹೋಗಿ ಬಂದರು. ನವೆಂಬರಿನಲ್ಲಿ ವಿಜಯನ್ ತೀರಿಕೊಂಡರು.

ಅವರ ಕಥೆ ಕೇಳಿದವರೆಲ್ಲ ದೇಶಗಳನ್ನು ಎಣಿಸುತ್ತಾರೆ. ನನಗೆ ಆ ಸಾಲದ ವರ್ಷಗಳ ಮೇಲೇ ಕಣ್ಣು. ಪ್ರವಾಸ ಹತ್ತು ಹದಿನೈದು ದಿನದ್ದು. ಅದರ ಮುಂಚಿನ ಲೆಕ್ಕಾಚಾರ, ಆಮೇಲಿನ ಕಂತು ಮಾತ್ರ ವರ್ಷಗಟ್ಟಲೆ. ರಾತ್ರಿ ಗಲ್ಲಾಪೆಟ್ಟಿಗೆ ಎಣಿಸುವಾಗ ಗಂಡ ಹೆಂಡತಿಗೆ ಕರೆಂಟ್ ಬಿಲ್ಲಿನ ಜೊತೆ ಇನ್ನೊಂದು ವಿಷಯವೂ ಮಾತಿಗೆ ಇರುತ್ತದಲ್ಲ, ಅದು ಸಣ್ಣ ಸಂಗತಿಯಲ್ಲ.

ನಮ್ಮ ಕಡೆ ಮದುವೆಯಾದ ಹೊಸತರಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ ಅಂತ ಒಂದು ಸುತ್ತು ಹೋಗಿ ಬರುವುದು ವಾಡಿಕೆ. ನಾವೂ ಹೋಗಿದ್ದೆವು. ನಾವಿಬ್ಬರು, ನನ್ನಮ್ಮ, ಅತ್ತಿಗೆ, ಅವರ ಇಬ್ಬರು ಮಕ್ಕಳು, ಒಂದು ಸ್ಟೀಲ್ ಡಬ್ಬಿ ತುಂಬ ಕೋಡುಬಳೆ. ಅದನ್ನೇ ಹನಿಮೂನ್ ಎಂದು ಹೇಳಿಕೊಂಡು ಇಪ್ಪತ್ತು ವರ್ಷ ಕಳೆದೆವು.

ಇಬ್ಬರೇ ಹೊರಟದ್ದು ಮಗ ಹಾಸ್ಟೆಲ್ ಸೇರಿದ ಮೇಲೆ. ಹಗಲು ರೈಲಿನಲ್ಲಿ ಮಂಗಳೂರಿಗೆ. ಸಕಲೇಶಪುರ ದಾಟಿದರೆ ಸುಬ್ರಹ್ಮಣ್ಯ ರೋಡ್ ತನಕ ಸುಮಾರು 55 ಕಿಲೋಮೀಟರ್ ಘಾಟಿ, 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಕಡಿದಾದ ಇಳಿಜಾರು, ರೈಲು ತೆವಳಿಕೊಂಡೇ ಹೋಗಬೇಕು. ಕಿಟಕಿ ಸೀಟು ಯಾರಿಗೆ ಎಂದು ಹಾಸನದಲ್ಲೇ ಜಗಳ ಆಗಿತ್ತು. ಚಿತ್ರಾನ್ನಕ್ಕೆ ಚಮಚ ತರಲು ಮರೆತದ್ದು ನಾನು. ಎಡಕುಮೇರಿ ಸ್ಟೇಷನ್ ಬರುವ ತನಕ ಇಬ್ಬರಿಗೂ ಮಾತಿಲ್ಲ. ಆಮೇಲೆ ಸುರಂಗ ಎಣಿಸುವಾಗ ನನಗೆ ಲೆಕ್ಕ ತಪ್ಪಿತು. "ಮೂವತ್ತೊಂದು ಅಲ್ಲ ರೀ, ಮೂವತ್ತೆರಡು" ಅಂದಳು ಹೆಂಡತಿ. ರಾಜಿಯಾಯಿತು.

ನಿಜವಾದ ಆಶ್ಚರ್ಯ ಕಾದಿದ್ದದ್ದು ಮಂಗಳೂರಿನ ಸ್ಟೇಷನ್ ಹೊರಗೆ. ಆಟೋದವನು ದುಪ್ಪಟ್ಟು ಕೇಳಿದ. ಮನೆಯಲ್ಲಿ ಹಾಲು, ಪೇಪರು, ಗ್ಯಾಸು, ಎಲ್ಲದರ ವ್ಯವಹಾರ ನನ್ನದು. ವಾಡಿಕೆಯಂತೆ ನಾನೇ ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಇವಳು ಮುಂದೆ ಬಂದು ತುಳುವಿನಲ್ಲಿ ಶುರುಮಾಡಿದಳು! ಹತ್ತು ವರ್ಷದವಳಾಗುವ ತನಕ ಪುತ್ತೂರಿನಲ್ಲಿ ಬೆಳೆದವಳು ಎಂಬುದು ಗೊತ್ತಿತ್ತು. ಆ ಭಾಷೆ ಇನ್ನೂ ಅವಳ ನಾಲಿಗೆಯಲ್ಲಿದೆ ಎಂಬುದು ಗೊತ್ತಿರಲಿಲ್ಲ. ದನಿ ಬೇರೆ, ಕೈ ಆಡಿಸುವ ರೀತಿ ಬೇರೆ, ನಗುವೂ ಬೇರೆ. ಆಟೋದವನು ನಕ್ಕು ದರ ಇಳಿಸಿದ. ಬ್ಯಾಗು ಹಿಡಿದು ನಿಂತಿದ್ದ ನಾನು ಪರವೂರಿನ ನೆಂಟನ ಹಾಗೆ ಹಿಂದೆ ಹತ್ತಿ ಕೂತೆ.

ಮನೆಯಲ್ಲಿ ನಮ್ಮ ನಮ್ಮ ಕುರ್ಚಿ ಗೊತ್ತಾಗಿಬಿಟ್ಟಿರುತ್ತದೆ. ಅಡುಗೆಮನೆಯ ಯಜಮಾನಿ, ಬಿಲ್ಲು ಕಟ್ಟುವ ಯಜಮಾನ. ಹೊರಗೆ ಕಾಲಿಟ್ಟರೆ ಇಬ್ಬರಿಗೂ ಕುರ್ಚಿಯಿಲ್ಲ, ಯಾರಿಗೆ ದಾರಿ ಗೊತ್ತೋ ಅವರೇ ಮುಂದೆ. ಇದಕ್ಕೆ ರಷ್ಯಾಕ್ಕೇ ಹೋಗಬೇಕೆಂದಿಲ್ಲ. ಹಾಗಂತ ಮುರಿದು ಬೀಳುತ್ತಿರುವ ಸಂಸಾರವನ್ನು ಒಂದು ರೈಲು ಟಿಕೆಟ್ ಎತ್ತಿ ನಿಲ್ಲಿಸುತ್ತದೆ ಎಂದು ನಾನು ಹೇಳಲಾರೆ. ಜಗಳಗಂಟರು ಘಾಟಿಯಲ್ಲೂ ಜಗಳಗಂಟರೇ, ಅಲ್ಲಿ ಎದ್ದು ಹೋಗಲು ಪಕ್ಕದ ಕೋಣೆ ಬೇರೆ ಇರುವುದಿಲ್ಲ.

ಊರಿಗೆ ಬಂದ ಮೇಲೆ ಅಡುಗೆಮನೆಯ ಸಾಸಿವೆ ಡಬ್ಬಿಯ ಪಕ್ಕ ಇನ್ನೊಂದು ಡಬ್ಬಿ ಸೇರಿದೆ. ಚಿಲ್ಲರೆ ಉಳಿದರೆ ಅದಕ್ಕೆ. ಮುಂದಿನ ಸಲ ಬನವಾಸಿಗೆ ಎನ್ನುತ್ತೇನೆ ನಾನು, ಕಾಶಿಗೆ ಎನ್ನುತ್ತಾಳೆ ಅವಳು. ಮೊನ್ನೆ ಡಬ್ಬಿ ಸುರಿದು ಎಣಿಸಿದೆವು. ಕಾಶಿಯ ಮಾತು ದೂರವೇ ಉಳಿಯಿತು. 2023ರ ಜೂನಿನಿಂದ ರಾಜ್ಯದೊಳಗೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಉಚಿತ, ಅವಳ ಟಿಕೆಟ್ಟಿನ ಚಿಂತೆ ಹೇಗೂ ಇಲ್ಲ. ಬನವಾಸಿಗಾದರೆ ಡಬ್ಬಿಯ ದುಡ್ಡಿನಲ್ಲಿ ನನ್ನನ್ನೂ ಕರೆದುಕೊಂಡು ಹೋಗಬಹುದಂತೆ.