ಹತ್ತಿಯ ಎಳೆಯನ್ನು ಎಳೆಯುವವರು ಯಾರು?

ದೀಪದ ಬತ್ತಿ ಹೊಸೆಯಲು ಕುಳಿತ ಗೃಹಿಣಿ ಅರಳೆಯಿಂದ ಒಂದೆಳೆಯನ್ನು ಬಿಡಿಸಿ ಬೆಳಕಿಗೆ ಹಿಡಿದರೆ, ಆಕೆಯ ಬೆರಳ ತುದಿಯಲ್ಲಿರುವುದು ಒಂದೇ ಒಂದು ಜೀವಕೋಶ! ಬರಿಗಣ್ಣಿಗೆ ಕಾಣದೆಂದು ಪಾಠಶಾಲೆಯಲ್ಲಿ ಓದಿದ ಕೋಶವು ಇಲ್ಲಿ ಅಂಗುಲದಷ್ಟು ಬೆಳೆದಿರುತ್ತದೆ; ಉದ್ದವು ದಪ್ಪದ ಸಾವಿರ ಪಟ್ಟಿಗೂ ಮಿಗಿಲು.

ಹೂವು ಅರಳುವ ದಿನವೇ ಇದರ ಹುಟ್ಟು. ಬೀಜಾಂಡದ ಹೊರಪದರದಲ್ಲಿ ಸುಮಾರು ನಾಲ್ಕರಲ್ಲೊಂದು ಕೋಶ ಉಬ್ಬಿ ಮೇಲೇಳುತ್ತದೆ, ನೆರೆಯವು ಸುಮ್ಮನಿರುತ್ತವೆ. ಎದ್ದ ಕೋಶವು ಮೂರು ವಾರ ಉದ್ದಕ್ಕೆ ಬೆಳೆದು, ಒಳಗೋಡೆಗೆ ಸೆಲ್ಯುಲೋಸನ್ನು ಪದರಪದರವಾಗಿ ಬಳಿದುಕೊಂಡು, ಕಾಯಿ ಬಿರಿದಾಗ ಒಣಗಿ ತಿರುಚಿಕೊಳ್ಳುತ್ತದೆ. ತಡವಾಗಿ ಎದ್ದವು ಮೋಟಾಗಿಯೇ ಉಳಿಯುತ್ತವೆ. ಹಸುವಿಗಿಡುವ ಹತ್ತಿಕಾಳಿಗೆ ಅಂಟಿದ ನವಿರು ಅವೇ.

ಈ ಕೋಶಗಳಿಗೆ ‘ಏಳು’ ಎಂದು ಹೇಳುವವರಾರು? ಕ್ಯಾಲಿಫೋರ್ನಿಯದ ಬೀಸ್ಲಿ ಮತ್ತು ಟಿಂಗ್ ಎಂಬ ವಿಜ್ಞಾನಿಗಳು ಬೀಜಾಂಡಗಳನ್ನು ಬಿಡಿಸಿ ಪೋಷಕದ್ರವದ ಮೇಲೆ ತೇಲಿಬಿಟ್ಟು ಪರೀಕ್ಷಿಸಿ, 1973 ಮತ್ತು 1974ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಪರಾಗ ಸೋಂಕದ ಬೀಜಾಂಡವೂ ಆಕ್ಸಿನ್ ಎಂಬ ಸಸ್ಯಚೋದಕವನ್ನು ಬೆರೆಸಿದೊಡನೆ ಎಳೆ ಬಿಟ್ಟಿತು! ಜಿಬ್ಬರೆಲಿನ್ ಕೂಡಿದಾಗ ಬೆಳವಣಿಗೆ ಇನ್ನಷ್ಟು ಹುಲುಸು. ಅಬ್ಸಿಸಿಕ್ ಆಮ್ಲ ಬಿದ್ದರೆ ಕುಂಠಿತ. ಈ ಆಮ್ಲವನ್ನು ಮೊದಲು ಬೇರ್ಪಡಿಸಿದ್ದೂ ಹತ್ತಿಯ ಎಳೆಗಾಯಿಗಳಿಂದಲೇ, 1963ರಲ್ಲಿ.

ಎಥಿಲೀನ್ ಅನಿಲದ ವರ್ತನೆಯಂತೂ ವಿಚಿತ್ರ. ಬಾಳೆಯ ಕಾಯನ್ನು ಹಣ್ಣಾಗಿಸುವ, ಹತ್ತಿಯ ಕಾಯನ್ನು ಅಕಾಲದಲ್ಲಿ ಉದುರಿಸುವ ಅದೇ ಅನಿಲ ಬೀಜಾಂಡದ ಮೇಲಿನ ಎಳೆಯನ್ನು ನೀಳಗೊಳಿಸುತ್ತದೆಂದು ಪೀಕಿಂಗ್ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲಿ ತೋರಿಸಿದರು. ಚೋದಕದಲ್ಲಿ ಒಳ್ಳೆಯದು, ಕೆಟ್ಟದು ಎಂಬುದಿಲ್ಲ. ಎಲ್ಲಿ, ಯಾವಾಗ ಎಂಬುದೇ ಮುಖ್ಯ.

ಚೀನದ ಚೊಂಗ್‌ಚಿಂಗಿನ ವಿಜ್ಞಾನಿಗಳು ಹಿಡಿದದ್ದು ಈ ಸೂತ್ರವನ್ನೇ. ಬೀಜಾಂಡದ ಹೊರಪದರದಲ್ಲಿ ಮಾತ್ರ, ಎಳೆ ಏಳುವ ಹೊತ್ತಿಗೆ ಆಕ್ಸಿನ್ ಹೆಚ್ಚುವಂತೆ ಗಿಡಕ್ಕೆ ಬ್ಯಾಕ್ಟೀರಿಯದ ಒಂದು ಜೀನನ್ನು ಸೇರಿಸಿದರು. ಹೊಲದ ಪರೀಕ್ಷೆಗಳಲ್ಲಿ ಅರಳೆಯ ಇಳುವರಿ ಶೇಕಡಾ 15ಕ್ಕೂ ಮೇಲ್ಪಟ್ಟು ಏರಿತು, ಎಳೆಯೂ ನಯವಾಯಿತೆಂದು 2011ರಲ್ಲಿ ವರದಿ ಮಾಡಿದರು. ನಮ್ಮ ರೈತರು ಸಿಂಪಡಿಸುವ ಆಕ್ಸಿನ್ ಜಾತಿಯ ಔಷಧಿಯ ಉದ್ದೇಶ ಬೇರೆ. ಅದು ಮೊಗ್ಗು, ಎಳೆಗಾಯಿ ಉದುರದಿರಲೆಂದು.

ಎಳೆಯ ಉದ್ದಕ್ಕೆ ಇಷ್ಟೊಂದು ಆರೈಕೆಯೇಕೆ? ಮಾರುಕಟ್ಟೆಯಲ್ಲಿ ಬೆಲೆ ನಿಶ್ಚಯವಾಗುವುದು ಬಹುಮಟ್ಟಿಗೆ ಅದರಿಂದಲೇ. ಧಾರವಾಡದಲ್ಲಿ 1972ರಲ್ಲಿ ಹೊರಬಂದ ‘ವರಲಕ್ಷ್ಮಿ’ ಸಂಕರ ತಳಿ ಹೆಸರಾದದ್ದೂ ನೀಳವಾದ ಎಳೆಗಾಗಿ. ಆದರೆ ಕೋಶವನ್ನು ಒಳಗಿನಿಂದ ಒತ್ತಿ ಹಿಗ್ಗಿಸುವುದು ನೀರು. ಚೋದಕ ಗೋಡೆಯನ್ನು ಸಡಿಲಿಸೀತು, ನೀರನ್ನು ತಂದುಕೊಡಲಾರದು. ಆ ಮೂರು ವಾರ ಮಳೆ ಕೈಕೊಟ್ಟು ನೆಲ ಬಿರುಕುಬಿಟ್ಟರೆ, ನೀರಾವರಿಯಿಲ್ಲದ ಹೊಲದ ಎಳೆ ಗಿಡ್ಡಾಗಿಯೇ ಉಳಿಯುತ್ತದೆ.