ಕೊಮಗಾಟ ಮಾರುವಿನ ಮೇಲೆ ಗುಂಡು ಹಾರಿದ್ದು ಎಲ್ಲಿ?

ಎಲೆಕ್ಟ್ರಾನಿಕ್ ಸಿಟಿಯ ಆಫೀಸುಗಳಲ್ಲಿ ಯಾರಿಗಾದರೂ ಕೆನಡಾದ ಪಿಆರ್ (ಕಾಯಂ ವಾಸದ ಅನುಮತಿ) ಸಿಕ್ಕಿತೆಂದರೆ ಸಾಕು, ಅದೇ ವಾಟ್ಸಾಪ್ ಸಂದೇಶ ಮತ್ತೆ ಓಡಾಡತೊಡಗುತ್ತದೆ. 1914ರಲ್ಲಿ ನಮ್ಮವರನ್ನು ಹೊತ್ತು ವ್ಯಾಂಕೂವರ್‌ಗೆ ಹೋದ ಕೊಮಗಾಟ ಮಾರು ಹಡಗನ್ನು ಬ್ರಿಟಿಷರ ಮಹಾ ಯುದ್ಧನೌಕೆಯೊಂದು ಗುಂಡಿನ ಮಳೆಗರೆದು ಓಡಿಸಿತಂತೆ. ಕಳೆದ ವಾರ ಕ್ಯಾಂಟೀನಿನಲ್ಲಿ ಮತ್ತೆ ಇದನ್ನೇ ಕೇಳಿ ನನಗೆ ಊಟ ಸೇರಲಿಲ್ಲ.

ಅಲ್ಲಿ ಒಂದು ಗುಂಡೂ ಹಾರಲಿಲ್ಲ. ಆ ನೌಕೆಯ ಹೆಸರು ರೇನ್‌ಬೋ. 1891ರಲ್ಲಿ ನೀರಿಗಿಳಿದ ಉಗಿಹಡಗು. ಬ್ರಿಟನ್ ಬಳಸಿ ಬಿಟ್ಟದ್ದನ್ನು ಕೆನಡಾ 1910ರಲ್ಲಿ ಕೊಂಡಿತ್ತು. ಅದರ ದಿನನಿತ್ಯದ ಕೆಲಸದಲ್ಲಿ ಮುಖ್ಯವಾದದ್ದು ಮೀನಿನ ಕಾವಲು. ದಡದಿಂದ ಮೂರು ಮೈಲಿಯ ಗಡಿಯೊಳಗೆ ನುಗ್ಗಿ ಮೀನು ಕದಿಯುವ ಅಮೆರಿಕದ ದೋಣಿಗಳನ್ನು ತಡೆಯಬೇಕಿತ್ತು. 1911ರಲ್ಲಿ ಸರ್ಕಾರ ಬದಲಾದ ಮೇಲೆ ಅದಕ್ಕೆ ಸಾಕಷ್ಟು ಸಿಬ್ಬಂದಿಯೂ ಇರಲಿಲ್ಲ. ಕೊಮಗಾಟ ಮಾರು ವ್ಯಾಂಕೂವರ್ ಬಿಟ್ಟು ಹೊರಟ ಹನ್ನೆರಡೇ ದಿನಕ್ಕೆ ಬ್ರಿಟನ್ ಮಹಾಯುದ್ಧಕ್ಕಿಳಿದಾಗ ಈ 'ಮಹಾ ಯುದ್ಧನೌಕೆ' ಜರ್ಮನ್ ಹಡಗನ್ನು ಹುಡುಕಲು ಹೊರಟದ್ದು ಆಧುನಿಕ ಸ್ಫೋಟಕ ಗುಂಡುಗಳೇ ಇಲ್ಲದೆ!

ಹಾಗಾದರೆ 376 ಪ್ರಯಾಣಿಕರನ್ನು ತಡೆದದ್ದು ಯಾವುದು? ಕಾಗದ. ಹುಟ್ಟಿದ ದೇಶದಿಂದ ನೇರವಾಗಿ, ಎಲ್ಲೂ ಇಳಿಯದೆ ಬಂದವರಿಗಷ್ಟೇ ಪ್ರವೇಶ ಎಂದು 1908ರಲ್ಲಿ ಕೆನಡಾ ನಿಯಮ ಮಾಡಿತ್ತು. ಭಾರತದಿಂದ ನೇರ ಹಡಗೇ ಇಲ್ಲದಾಗ ಆ ನಿಯಮ ಯಾರಿಗಾಗಿ ಎಂದು ಬಿಡಿಸಿ ಹೇಳಬೇಕೆ? ಎರಡು ತಿಂಗಳು ಅವರನ್ನು ಬಂದರಿನಲ್ಲೇ ಅನ್ನ ನೀರಿಗೆ ಪರದಾಡಿಸಿದರು. ಜುಲೈ 19ರಂದು ಹಡಗೇರಲು ಬಂದ ಪೊಲೀಸರಿಗೆ ಪ್ರಯಾಣಿಕರು ಕಲ್ಲಿದ್ದಲು ಎಸೆದು ಉತ್ತರ ಕೊಟ್ಟರು. ಆಮೇಲಷ್ಟೇ ರೇನ್‌ಬೋಗೆ ಕರೆ ಹೋಯಿತು. ಪಕ್ಕದಲ್ಲಿ ಅದರ ಫಿರಂಗಿಗಳು ನಿಂತಿರಲು, 23ರಂದು 352 ಮಂದಿ ಹಿಂದಿರುಗಿದರು.

ಅವರು ಅಕ್ರಮ ವಲಸಿಗರೆನ್ನುವುದೂ ಸುಳ್ಳು, ಎಲ್ಲರೂ ಬ್ರಿಟಿಷ್ ಪ್ರಜೆಗಳೇ. ಎಲ್ಲರೂ ಸಿಖ್ಖರಲ್ಲ, ಮುಸ್ಲಿಮರೂ ಹಿಂದೂಗಳೂ ಇದ್ದರು.

ಪೀಣ್ಯದ ಶೆಡ್ಡಿನಲ್ಲಿ ಒಂದು ಬೋಲ್ಟನ್ನೂ ವರ್ನಿಯರ್ ಹಿಡಿದು ಅಳೆಯದೆ ಒಳಗೆ ಬಿಡುವುದಿಲ್ಲ. ಲಾಗ್ ನೋಡದೆ ಬಗ್ ಒಪ್ಪದ ನಮ್ಮ ಹುಡುಗರು ಸತ್ತವರ ಕಥೆಯನ್ನು ಮಾತ್ರ ಹಾಗೇ ಫಾರ್ವರ್ಡ್ ಮಾಡುತ್ತಾರೆ. ಸಿಟ್ಟು ಬರುವುದು ಅದಕ್ಕೇ. ಏಕೆಂದರೆ ಗುಂಡು ಹಾರಿದ್ದು ನಿಜ, ಆದರೆ ವ್ಯಾಂಕೂವರಿನಲ್ಲಲ್ಲ. 1914ರ ಸೆಪ್ಟೆಂಬರ್ 29ರಂದು, ಕಲ್ಕತ್ತದ ಬಳಿಯ ಬಜ್‌ಬಜ್‌ನಲ್ಲಿ, ತಾಯ್ನೆಲಕ್ಕೆ ಕಾಲಿಟ್ಟ ದಿನವೇ, ಬ್ರಿಟಿಷ್ ಭಾರತ ಸರ್ಕಾರದ ಪಡೆ ಹಾರಿಸಿದ ಗುಂಡಿಗೆ ಸುಮಾರು 20 ಪ್ರಯಾಣಿಕರು ಸತ್ತರು.