ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ? ನಾನು ತಪ್ಪಿದ ಲೆಕ್ಕ

ಇವತ್ತಿನ ಎಪಿಸೋಡ್ ನಾನೇ ಮಾಡಿದ ಒಂದು ತಪ್ಪು ಲೆಕ್ಕದ ಬಗ್ಗೆ.

ನಮ್ಮ ಮಂಡಿಕಲ್‌ನಲ್ಲಿ ಪಕ್ಕದ ಮನೆ ಅಜ್ಜಿ ತೀರಿಕೊಂಡ್ರು. ಮಗ ಇದ್ದದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ. ಅಲ್ಲಿದ್ದ ಹಿರಿಯರೊಬ್ಬರು ನನ್ನ ಕಡೆ ತಿರುಗಿ, "ಏನಪ್ಪಾ, ಬಿ.ಕಾಂ ಓದಿದೀಯ, ಅವನು ಬರೋಕೆ ಎಷ್ಟೊತ್ತಾಗುತ್ತೆ, ಫೋನಲ್ಲಿ ನೋಡು" ಅಂದ್ರು. ನೋಡಿದೆ. ಸುಮಾರು 14,000 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂತ ಇಟ್ಕೊಂಡು ಭಾಗಿಸಿದೆ. "ಹದಿನೈದೂವರೆ ಗಂಟೆ ಮಾವ" ಅಂದೆ. ಅದನ್ನೇ ನಂಬಿ ಎಲ್ಲರೂ ಕಾದ್ರು.

ಈ 14,000 ಸುಳ್ಳಲ್ಲ. ಸ್ಕೂಲ್ ಗೋಡೆಯ ಭೂಪಟದ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದು, ಅದೇ ದಿಕ್ಕು ಹಿಡಿದು ಹೋದ್ರೆ 16,000 ಕಿ.ಮೀ. ದಾಟುತ್ತೆ. ಆದ್ರೆ ಭೂಮಿ ಗುಂಡಗಿದೆ. ಒಂದು ಚೆಂಡಿನ ಮೇಲೆ ಎರಡು ಚುಕ್ಕಿ ಇಟ್ಟು ದಾರ ಬಿಗಿಯಾಗಿ ಎಳೀರಿ. ಆ ದಾರವೇ ಅತಿ ಹತ್ತಿರದ ದಾರಿ. ಬೆಂಗಳೂರಿಂದ ಆ ದಾರಿ ಹೆಚ್ಚುಕಮ್ಮಿ ಉತ್ತರಕ್ಕೇ ಹೊರಟು, ಸೈಬೀರಿಯಾ ಮೇಲೆ ಹಾದು ಅಮೆರಿಕ ಕಡೆ ಇಳಿಯುತ್ತೆ. ಉಳಿತಾಯ 2,000 ಕಿ.ಮೀ.ಗೂ ಜಾಸ್ತಿ. ಅಂದ್ರೆ ಬೆಂಗಳೂರು–ದೆಹಲಿಗಿಂತ ಹೆಚ್ಚು!

ಆದರೆ ವಿಮಾನ ದಾರದ ಮೇಲೆ ಹೋಗಲ್ಲ. ಗಾಳಿ ನೋಡುತ್ತೆ, ಯಾವ ದೇಶದ ಆಕಾಶ ತೆರೆದಿದೆ ಅಂತ ನೋಡುತ್ತೆ. 2021ರ ಜನವರಿ 9ರ ರಾತ್ರಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಮಹಿಳಾ ಪೈಲಟ್‌ಗಳ ತಂಡ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಉತ್ತರ ಧ್ರುವದ ಮೇಲೆ ಹಾದು, ದೇವನಹಳ್ಳಿಯಲ್ಲಿ ಇಳಿದಾಗ 11ರ ಬೆಳಗಿನ ಜಾವ. ಏರ್ ಇಂಡಿಯಾದ ಆ ವಿಮಾನ ಎಲ್ಲೂ ನಿಲ್ಲದೇ ಬಂದರೂ ಹಾರಿದ್ದು ಸುಮಾರು 17 ಗಂಟೆ. ಉಳಿದದ್ದನ್ನು ತಿಂದದ್ದು ಹದಿಮೂರೂವರೆ ಗಂಟೆಯ ಟೈಮ್ ವ್ಯತ್ಯಾಸ. ಇನ್ನು 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತದ ವಿಮಾನಗಳಿಗೆ ಮುಚ್ಚಿದಾಗ, ದೆಹಲಿಯಿಂದ ಯೂರೋಪ್ ಕಡೆ ಹೋಗೋ ನಮ್ಮ ವಿಮಾನಗಳು ಸುತ್ತು ಹಾಕಬೇಕಾಯ್ತು. ಊರುಗಳು ಅಲ್ಲಲ್ಲೇ ಇದ್ದವು, ದಾರಿ ಮಾತ್ರ ಉದ್ದ ಆಯ್ತು.

ಅಜ್ಜಿಯ ಮಗನಿಗೆ ನೇರ ವಿಮಾನ ಸಿಗಲಿಲ್ಲ. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಬೇರೆ ವಿಮಾನ ಹತ್ತಬೇಕಿತ್ತು. ಆ ದಾರಿ 16,000 ಕಿ.ಮೀ.ಗೂ ಮೇಲೆ, ಜೊತೆಗೆ ಅಲ್ಲೇ ಏಳು ಗಂಟೆ ಕಾಯೋದು. ಟಿಕೆಟ್ ಸಿಗೋಕೇ ಅರ್ಧ ದಿನ ಹೋಗಿತ್ತು. ಈ ಯಾವುದೂ ನನ್ನ ಭಾಗಾಕಾರದಲ್ಲಿ ಇರಲಿಲ್ಲ. ಮಾರನೇ ದಿನ ಸಂಜೆವರೆಗೂ ಕಾದು ಮಣ್ಣು ಮಾಡಿದ್ರು. ಏರ್‌ಪೋರ್ಟ್‌ನಲ್ಲಿ ಕೂತೇ ಮಗ ವೀಡಿಯೋ ಕಾಲ್‌ನಲ್ಲಿ ನೋಡಿದ್ರು.

ನನ್ನ ಮೇಲೆ ಯಾರೂ ಸಿಟ್ಟಾಗಲಿಲ್ಲ. ಆದ್ರೆ ಆವತ್ತಿಂದ ಯಾರಾದ್ರೂ ಹೀಗೆ ಕೇಳಿದ್ರೆ ನಾನು ಕಿಲೋಮೀಟರ್ ಹೇಳಲ್ಲ. ಟಿಕೆಟ್‌ನಲ್ಲಿ ಇಳಿಯೋ ತಾರೀಖು, ನಮ್ಮ ಟೈಮ್ ಪ್ರಕಾರ ಇಳಿಯೋ ಹೊತ್ತು, ಎಲ್ಲಿ ಎಷ್ಟೊತ್ತು ನಿಲ್ಲುತ್ತೆ, ಈ ಮೂರನ್ನೂ ಓದಿ, ದೇವನಹಳ್ಳಿಯಿಂದ ಊರಿಗೆ ಬರೋ ಹೊತ್ತನ್ನೂ ಸೇರಿಸಿ ಹೇಳ್ತೀನಿ. ನೀವೂ ಹಾಗೇ ಮಾಡಿ. ಮನೆ ಮುಂದೆ ಕಾಯ್ತಾ ಕೂತಿರೋರಿಗೆ ಬೇಕಾಗಿರೋದು ಅದೇ. ಸಿಗೋಣ.